ಹನ್ನೆರಡನೆಯ ಫೋನ್

ನಮ್ಮ ಹೈಸ್ಕೂಲಿನ ಆಫೀಸಿನಲ್ಲಿ ಇಪ್ಪತ್ತನಾಲ್ಕು ವರ್ಷ ಕೂತವಳು ನಾನು. ಐದು ಜನ ಪ್ರಿನ್ಸಿಪಾಲರು ಬಂದರು, ಹೋದರು. ನನ್ನ ಕುರ್ಚಿ ಮಾತ್ರ ಅಲ್ಲಾಡಲಿಲ್ಲ. ಯಾವ ಹುಡುಗ ಜ್ವರ ಎಂದು ಚೀಟಿ ತಂದು ಹೊಳೆಯಲ್ಲಿ ಮೀನು ಹಿಡಿಯಲು ಹೋಗಿದ್ದ, ಯಾವ ಟೀಚರು ಗಂಡನ ಮೇಲಿನ ಸಿಟ್ಟನ್ನು ಮಕ್ಕಳ ಮೇಲೆ ತೀರಿಸಿಕೊಂಡಳು, ಎಲ್ಲವೂ ನನಗೆ ಗೊತ್ತಿರುತ್ತಿತ್ತು. ಅಲಬಾಮಾದ ಗುಡ್ಡಗಳ ನಡುವಿನ ಈ ಊರಿನಲ್ಲಿ ಚಿಕ್ಕವರು ದೊಡ್ಡವರು ಎಲ್ಲರಿಗೂ ನಾನು ಮಿಸ್ ನೆಲ್ಡಾ. ಮಿಸ್ ನೆಲ್ಡಾ ಹೇಳಿದಳು ಎಂದರೆ ಅದು ನಿಜ ಎಂದು ಜನ ನಂಬುತ್ತಿದ್ದರು. ಆ ನಂಬಿಕೆಯನ್ನು ನಾನು ಏನು ಮಾಡಿದೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪ್ರತಿ ವರ್ಷ ಮಾರ್ಚ್ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ನಾನು ಆಫೀಸಿನ ಬಾಗಿಲು ಹಾಕಿಕೊಂಡು ಫೋನ್ ಮಾಡಲು ಕೂರುತ್ತಿದ್ದೆ. ಓದಿನಲ್ಲೂ ನಡತೆಯಲ್ಲೂ ಮುಂದಿರುವ ಮಕ್ಕಳ ಗೌರವ ಸಂಘಕ್ಕೆ ಆಯ್ಕೆಯಾದವರ ಮನೆಗಳಿಗೆ ಮಾಡುವ ಫೋನ್ ಅದು. ಐದು ಜನ ಟೀಚರುಗಳು ಮುಚ್ಚಿದ ಕೋಣೆಯಲ್ಲಿ ಕೂತು ವಿದ್ಯೆ, ಸೇವೆ, ನಾಯಕತ್ವ, ಶೀಲ ಎಂಬ ನಾಲ್ಕನ್ನು ತೂಗಿ ಹೆಸರು ಆರಿಸುತ್ತಿದ್ದರು. ಆಯ್ಕೆಯಾದ ಮಗುವಿಗೆ ಸುದ್ದಿ ತಿಳಿಯಬಾರದು. ಅಪ್ಪ ಅಮ್ಮನಿಗೆ ಮಾತ್ರ ಗುಟ್ಟಾಗಿ ತಿಳಿಸಬೇಕು. ಶುಕ್ರವಾರ ಇಡೀ ಶಾಲೆ ಒಳಾಂಗಣ ಆಟದ ಹಾಲಾದ ಜಿಮ್‌ನಲ್ಲಿ ಸೇರಿದಾಗ ದೀಪಗಳನ್ನು ಅರ್ಧ ಆರಿಸುತ್ತಾರೆ. ಹಳೆಯ ಸದಸ್ಯರು ಬಿಳಿ ನಿಲುವಂಗಿ ತೊಟ್ಟು, ಒಂದೇ ಒಂದು ಡ್ರಮ್ಮಿನ ಏಟಿಗೆ ಹೆಜ್ಜೆ ಹಾಕುತ್ತ ಬೆಂಚುಗಳ ನಡುವೆ ನಡೆಯುತ್ತಾರೆ. ಯಾರ ಮುಂದೆ ನಿಂತು ಹೆಗಲ ಮೇಲೆ ಕೈ ಇಟ್ಟರೋ ಆ ಮಗು ಆಯ್ಕೆಯಾಯಿತೆಂದು ಅರ್ಥ. ಕೂಡಲೇ ಸಂಗೀತದ ಕೋಣೆಯ ಬಾಗಿಲು ತೆರೆದು, ಒಳಗೆ ಅಡಗಿ ನಿಂತಿದ್ದ ತಂದೆ ತಾಯಿ ಹೂವು ಹಿಡಿದುಕೊಂಡು ಬರುತ್ತಾರೆ. ಮಗು ಅಳುತ್ತದೆ, ತಾಯಿ ಅಳುತ್ತಾಳೆ, ಬಾಗಿಲು ಕಾಯುವ ನಾನೂ ಪ್ರತಿ ವರ್ಷ ತಪ್ಪದೆ ಅಳುತ್ತಿದ್ದೆ.

ಆ ವರ್ಷ ಹನ್ನೆರಡು ಹೆಸರುಗಳಿದ್ದವು. ಹನ್ನೊಂದು ಮನೆಗಳಲ್ಲಿ ನನ್ನ ದನಿ ಕೇಳಿದ ಕೂಡಲೇ ಖುಷಿಯಿಂದ ಕಿರುಚಿದರು, ಆ ಮನೆಗಳಲ್ಲಿ ಅವರು ಕಾದೇ ಕೂತಿದ್ದರು. ಹನ್ನೆರಡನೆಯದು ರೋಂಡಾ ಸ್ಟಿಡಮ್. ಊರಾಚೆ ಹನ್ನೆರಡು ಮೈಲಿ ದೂರದಲ್ಲಿ ಒಂದು ಟ್ರೇಲರ್ ಮನೆಯಲ್ಲಿ ಮಗಳು ಶೆಲ್ಬಿಯ ಜೊತೆ ಇದ್ದಳು. ಕೋಳಿ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಪಾಳಿಯ ಕೆಲಸ.

"ಏನ್ ಮಾಡಿದಾಳೆ ನನ್ ಮಗಳು?" ಎಂದಳು. ಶಾಲೆಯಿಂದ ಫೋನ್ ಬಂದರೆ ಆಕೆಗೆ ಹೊಳೆದದ್ದು ಅದೊಂದೇ.

"ಏನೂ ಮಾಡಿಲ್ಲ ಕಣ್ರೀ. ಒಳ್ಳೇದೇ ಮಾಡಿದಾಳೆ. ಗೌರವ ಸಂಘಕ್ಕೆ ಸೇರಿಸ್ಕೊಂಡಿದಾರೆ."

ಆ ಕಡೆ ನೀರಿನ ನಲ್ಲಿ ಬಿಟ್ಟ ಶಬ್ದ ಕೇಳಿಸಿತು, ಆಮೇಲೆ ನಿಲ್ಲಿಸಿದ್ದು ಕೇಳಿಸಿತು.

"ಮಿಸ್ ನೆಲ್ಡಾ, ನೀವು ತಮಾಷೆ ಮಾಡ್ತಿಲ್ಲ ತಾನೆ? ನಮ್ ಮನೇಲಿ ಯಾರೂ ಹೈಸ್ಕೂಲೇ ಮುಗಿಸಿಲ್ಲ."

"ನಾನ್ಯಾಕ್ರೀ ತಮಾಷೆ ಮಾಡ್ಲಿ? ಶುಕ್ರವಾರ ಒಂದೂಕಾಲಿಗೆ ಸಂಗೀತದ ಕೋಣೆಗೆ ಬನ್ನಿ. ಕಾರು ಬಸ್ ಶೆಡ್ ಹಿಂದೆ ನಿಲ್ಸಿ, ಅವಳ ಕಣ್ಣಿಗೆ ಬೀಳ್ಬಾರ್ದು. ಅವಳಿಗೆ ಒಂದಕ್ಷರ ಹೇಳ್ಬೇಡಿ."

"ಹೇಳಲ್ಲ. ಸತ್ರೂ ಹೇಳಲ್ಲ" ಎಂದಳು ರೋಂಡಾ.

ಶೆಲ್ಬಿ ಹೆಚ್ಚು ಮಾತಿನ ಹುಡುಗಿಯಲ್ಲ. ಕೆಂಚು ಕೂದಲನ್ನು ಬ್ರೆಡ್ ಪೊಟ್ಟಣದ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ರಸಾಯನಶಾಸ್ತ್ರದಲ್ಲಿ ಡಾಕ್ಟರ ಮಗನನ್ನು ಹಿಂದೆ ಹಾಕಿದ್ದಳು. ಆ ಹೆಸರು ಪಟ್ಟಿಯಲ್ಲಿ ಕಂಡಾಗ ಈ ಐದು ಜನ ಟೀಚರುಗಳಿಗೂ ಒಮ್ಮೊಮ್ಮೆ ಕಣ್ಣು ಕಾಣುತ್ತದಲ್ಲ ಎಂದು ನನಗೆ ನಿಜವಾಗಿ ಖುಷಿಯಾಗಿತ್ತು.

ಗುರುವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಅದೇ ಪಟ್ಟಿ ಮತ್ತೆ ಬಂದಿತ್ತು. ಹನ್ನೆರಡನೆಯ ಹೆಸರಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದಿದ್ದರು. ಮಿಸೆಸ್ ವಿಟ್ಲೋ ಟಪಾಲು ತೆಗೆದುಕೊಳ್ಳಲು ಬಂದಾಗ ಅವರನ್ನೇ ಹಿಡಿದೆ. ಇತಿಹಾಸದ ಟೀಚರು ಅವರು, ಆ ಐವರಲ್ಲಿ ಹಿರಿಯರು. ಶನಿವಾರಗಳಲ್ಲಿ ನಮ್ಮ ಚರ್ಚಿನಿಂದ ಬಡವರಿಗೆ ಪುಕ್ಕಟೆ ದಿನಸಿ ಹಂಚುವ ಕೆಲಸವೂ ಅವರದೇ. ದನಿ ಮಾತ್ರ ಬೆಣ್ಣೆ.

"ಇದೇನಿದು, ಮಿಸೆಸ್ ವಿಟ್ಲೋ?"

"ನಿನ್ನೆ ಸ್ಕೂಲ್ ಬಿಟ್ಮೇಲೆ ಮತ್ತೆ ಕೂತಿದ್ವಿ, ನೆಲ್ಡಾ. ಶೀಲದ ವಿಚಾರ."

"ಶೀಲ? ಆ ಹುಡುಗೀದಾ?"

"ಅವಳು ಸೇವೆ ಅಂತ ಬರ್ಕೊಂಡಿರೋ ನಲವತ್ತು ಗಂಟೇನೂ ನಮ್ಮ ದಿನಸಿ ಕೋಣೇಲಿ ಮಾಡಿದ್ದು. ನಾನೇ ಸಹಿ ಹಾಕಿದೀನಿ. ಆದ್ರೆ ಪ್ರತಿ ಶನಿವಾರ ಹೋಗ್ವಾಗ ಹಿಂದಿನ ಬಾಗಿಲಿಂದ ಒಂದು ಪೆಟ್ಟಿಗೆ ತಗೊಂಡ್ ಹೋಗ್ತಿದ್ಲು. ನನಗೆ ಮೊನ್ನೆ ಮೊನ್ನೆ ಗೊತ್ತಾಯ್ತು."

"ಇಲ್ದೋರಿಗೆ ಅಂತ ತಾನೇ ಅದನ್ನ ಇಟ್ಟಿರೋದು? ಅವರ ಮನೇಲಿ ಏನು ಹಾಲು ಜೇನು ಹರೀತಿದೆಯಾ?"

"ಬೇಕಿದ್ರೆ ಸಾಲಲ್ಲಿ ನಿಂತು, ಹೆಸರು ಬರೆಸಿ ತಗೋಬೇಕಿತ್ತು. ಕೊಡೋರ ಪಕ್ಕ ಏಪ್ರನ್ ಕಟ್ಕೊಂಡು ನಿಂತು, ತಾನೇ ತಗೊಂಡು, ಅದನ್ನ ಸೇವೆ ಅಂತ ಬರ್ಕೊಂಡ್ರೆ?"

"ಕ್ಲಾಸಿನ ಮಕ್ಕಳೆಲ್ಲ ಅಲ್ಲೇ ಓಡಾಡ್ತಿರ್ತಾರೆ. ಸಾಲಲ್ಲಿ ನಿಲ್ಲೋಕೆ ನಾಚಿಕೆ ಆಗಿರುತ್ತೆ, ಪಾಪ."

"ನಾಚ್ಕೊಂಡು ಮುಚ್ಚಿಟ್ಲಲ್ಲ, ಅದಕ್ಕೇ ಶೀಲ ಅಂದೆ" ಎಂದು ಅವರು ನಕ್ಕರು. "ಒಳ್ಳೆ ಹುಡುಗೀನೇ, ನಾನಿಲ್ಲ ಅನ್ನಲ್ಲ. ಅವರಮ್ಮನಿಗೆ ಹೇಳ್ಬಿಡಿ. ಕರೆದವ್ರು ನೀವೇ ತಾನೇ."

ನನಗೆ ಮೈಯೆಲ್ಲ ಉರಿಯಿತು. ಆದರೂ ಹೂಂ ಎಂದೆ.

ಕೂಡಲೇ ಫೋನ್ ಮಾಡಿದೆ. ಈ ನಂಬರು ಸದ್ಯಕ್ಕೆ ಚಾಲ್ತಿಯಲ್ಲಿಲ್ಲ ಎಂದು ಯಂತ್ರದ ಹೆಂಗಸು ಹೇಳಿದಳು. ರೋಂಡಾಳದು ಮುಂಗಡ ದುಡ್ಡು ಹಾಕುವ ಫೋನು, ತಿಂಗಳ ನಡುವೆ ಸತ್ತು ಮಲಗುವುದು ಅದರ ರೂಢಿ. ಮಗಳ ಕೈಲಿ ಒಂದು ಚೀಟಿ ಕೊಟ್ಟು ಕಳಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಆದರೆ ಮಗುವಿಗೆ ಏನೂ ತಿಳಿಯಬಾರದೆಂಬ ನಿಯಮವಿದೆಯಲ್ಲ, ಇಪ್ಪತ್ತೆರಡು ವರ್ಷ ಅದನ್ನು ದೇವರ ವಾಕ್ಯದ ಹಾಗೆ ಪಾಲಿಸಿದವಳು ನಾನು. ಪಟ್ಟಿಯಿಂದ ಹೊರಗೆ ಬಿದ್ದ ಮಗುವಿಗೆ ಆ ನಿಯಮ ಯಾಕೆ ಬೇಕು ಎಂದು ಯೋಚಿಸುವಷ್ಟು ಬುದ್ಧಿ ಆವತ್ತು ನನ್ನ ಮಂಡೆಗೆ ಬರಲಿಲ್ಲ.

ಮೂರು ಗಂಟೆಗೆ ಫ್ಯಾಕ್ಟರಿಗೆ ಫೋನ್ ಮಾಡಿದೆ. ಒಬ್ಬ ಗಂಡಸು ಎತ್ತಿಕೊಂಡ. ಹಿಂದೆ ಯಂತ್ರಗಳು ಅರಚುತ್ತಿದ್ದವು.

"ಯಾರಾದ್ರೂ ಸತ್ತಿದಾರಾ?" ಎಂದು ಕೇಳಿದ.

"ಇಲ್ಲಪ್ಪ, ಅಂಥದ್ದೇನಿಲ್ಲ."

"ಹಾಗಾದ್ರೆ ಕೆಲಸದ ಲೈನಿಂದ ಕರೆಯೋಕಾಗಲ್ಲ" ಎಂದು ಇಟ್ಟುಬಿಟ್ಟ.

ಹನ್ನೆರಡು ಮೈಲಿ ದೊಡ್ಡ ದೂರವೇನಲ್ಲ. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಮೊದಲೇ ಹೋಗಿ ಬಾಗಿಲು ತಟ್ಟಬಹುದಿತ್ತು. ಗುರುವಾರ ಸಂಜೆ ಚರ್ಚಿನ ಊಟಕ್ಕೆ ಜೋಳದ ರೊಟ್ಟಿ ಸುಡಬೇಕಿತ್ತು, ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಕಟ್ಟಿತ್ತು. ಇನ್ನೂ ನೆಪ ಬೇಕಿದ್ದರೆ ಇನ್ನೂ ಕೊಡಬಲ್ಲೆ. ನಿಜ ಹೇಳಬೇಕೆಂದರೆ ಆ ಹೆಂಗಸಿನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿರಲಿಲ್ಲ. ಆಕೆಗೆ ರಜೆ ಸಿಗಲಾರದು, ಆಕೆ ಬರಲಾರಳು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಗಂಟೆಗೇ ಬಂದಿದ್ದಳು. ಎಲ್ಲರಿಗಿಂತ ಮೊದಲು.

ಸಂಗೀತದ ಕೋಣೆಯಲ್ಲಿ ಮಡಚಿಟ್ಟ ಕುರ್ಚಿಗಳ ಪಕ್ಕ ನಿಂತಿದ್ದಳು. ನೀಲಿ ಉಡುಪಿಗೆ ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ಕಾಲಲ್ಲಿ ಮಾತ್ರ ಫ್ಯಾಕ್ಟರಿಯ ಬಿಳಿ ರಬ್ಬರ್ ಬೂಟು. ಕೈಯಲ್ಲಿ ಪೇಟೆಯ ಅಂಗಡಿಯ ಕಾರ್ನೇಷನ್ ಹೂಗಳು. ಕೋಳಿ ಕತ್ತರಿಸಿ ಕತ್ತರಿಸಿ ಊದಿದ ಬೆರಳುಗಳು ಆ ಹೂಗಳ ಸುತ್ತ ಸರಿಯಾಗಿ ಮಡಚುತ್ತಿರಲಿಲ್ಲ.

"ಬೂಟು ನೋಡ್ಬೇಡಿ, ಮಿಸ್ ನೆಲ್ಡಾ" ಎಂದು ನಕ್ಕಳು. "ಇದು ಮುಗಿದ ತಕ್ಷಣ ಓಡ್ಬೇಕು. ಅರ್ಧ ಪಾಳಿ ಆದ್ರೂ ಸಿಕ್ಕೀತು."

"ರಜೆ ಕೊಟ್ರಾ?"

"ಎಲ್ಲಿ ಕೊಡ್ತಾರೆ! ತಡವಾದ್ರೆ ಒಂದು ಪಾಯಿಂಟು ಹಾಕ್ತಾರೆ. ಆರಾದ್ರೆ ಕೆಲಸದಿಂದ ತೆಗೆದು ಮನೆಗೆ ಕಳಿಸ್ತಾರೆ. ನಂದು ಐದಾಗಿದೆ."

"ಅಯ್ಯೋ ದೇವರೆ. ಮತ್ಯಾಕ್ರೀ ಬಂದ್ರಿ?"

"ಬರ್ದೆ ಇರೋದುಂಟಾ? ಸ್ಕೂಲಿನವ್ರೇ ಕರೆದಿದ್ರೆ ಆ ಪಾಯಿಂಟ್ ಹಾಕಲ್ಲ ಅಂತ ನಿಯಮ ಇದೆ. ಅವ್ರು ಫೋನ್ ಮಾಡಿ ಕೇಳ್ತಾರೆ, ನೀವು ಹೌದು ಅಂದ್ರೆ ಸಾಕು." ಆಕೆ ನನ್ನ ತೋಳು ಮುಟ್ಟಿದಳು. "ನಾಲ್ಕು ದಿನದಿಂದ ಬಾಯಿ ಬಿಡದೆ ಇರೋಕೆ ಎಷ್ಟು ಕಷ್ಟಪಟ್ಟಿದೀನಿ ಗೊತ್ತಾ? ನಿನ್ನೆ ಬೆಳಿಗ್ಗೆ ಅವಳು ಇಸ್ತ್ರಿ ಮಾಡ್ತಿದ್ಲು. ನನ್ನ ಹೆಸರು ಇರಲ್ಲ ಬಿಡಮ್ಮಾ ಅಂದ್ಲು. ನಾಲಿಗೆ ಕಚ್ಕೊಂಡೆ."

ರೋಂಡಾ, ಒಂದು ಮಾತು ಎಂದೆ. ಅಷ್ಟರಲ್ಲಿ ಡಾಕ್ಟರ ಹೆಂಡತಿ ಬಲೂನುಗಳ ಗೊಂಚಲು ಹಿಡಿದು ಒಳಗೆ ಬಂದಳು. ಅವಳ ಹಿಂದೆ ಬ್ಯಾಂಕಿನವರು, ಅವರ ಹಿಂದೆ ಇನ್ಯಾರೋ. ರೋಂಡಾ ಗೋಡೆಯ ಕಡೆ ಸರಿದು ಅವರಿಗೆಲ್ಲ ಜಾಗ ಬಿಟ್ಟಳು. ನಾನು ಪ್ರಿನ್ಸಿಪಾಲರ ಹತ್ತಿರ ಓಡಿದೆ.

ಹ್ಯಾಸ್ಕೆಟ್ ಎಂದು ಅವರ ಹೆಸರು. ಹಿಂದೆ ಫುಟ್‌ಬಾಲ್ ಕೋಚ್ ಆಗಿದ್ದವರು. ಜಿಮ್‌ನ ಮೂಲೆಯಲ್ಲಿ ಟೈ ಸರಿಮಾಡಿಕೊಳ್ಳುತ್ತಿದ್ದರು.

"ಸ್ಟಿಡಮ್ ತಾಯಿ ಬಂದಿದಾರೆ, ಸರ್. ನನಗೆ ಹೇಳೋಕಾಗ್ಲಿಲ್ಲ. ಆ ಹುಡುಗಿ ಹೆಸರು ವಾಪಸ್ ಸೇರಿಸ್ಬಿಡಿ. ಒಂದು ಪೆಟ್ಟಿಗೆ ಬೇಳೆ, ಒಂದು ಡಬ್ಬ ಪೀಚ್ ಹಣ್ಣು. ಅದಕ್ಕೆ ಇಷ್ಟೆಲ್ಲ ಯಾಕೆ?"

"ಐದು ಜನ ಓಟ್ ಹಾಕಿದ್ದನ್ನ ನಾನು ಹೇಗೆ ತಿರುಗಿಸ್ಲಿ?"

"ನೀವು ಪ್ರಿನ್ಸಿಪಾಲ್ರು ಅಲ್ವಾ?"

ಅವರು ನನ್ನನ್ನು ನೋಡಿದರು. ಸಿಟ್ಟೇನೂ ಇರಲಿಲ್ಲ, ಅದೇ ನನಗೆ ಭಯವಾಗಿದ್ದು. "ಹಿಂದಿನ ಬಾಗಿಲಿಂದ ಆಕೇನ ಮೆತ್ತಗೆ ಕಳಿಸ್ಬಿಡಿ. ಹೆಸರು ಹೊಡೆದು ಹಾಕಿದ್ಮೇಲೂ ತಾಯಿ ಬಂದಿದ್ರು ಅಂತ ಸ್ಕೂಲ್ ಆಡಳಿತದ ಬೋರ್ಡಿಗೆ ಗೊತ್ತಾದ್ರೆ, ಇದು ಯಾರ ತಪ್ಪು ಅಂತ ಕೇಳ್ತಾರೆ. ನಾನು ಯಾರ ಹೆಸರು ಹೇಳ್ಲಿ, ನೆಲ್ಡಾ? ನಿಮಗೆ ನಿವೃತ್ತಿಗೆ ಎಷ್ಟ್ ವರ್ಷ ಇದೆ?"

"ಎರಡು."

"ಎರಡೇ ವರ್ಷ" ಎಂದು ಅವರು ನಿಧಾನವಾಗಿ ತಲೆಯಾಡಿಸಿದರು.

ಅರ್ಧ ದೀಪಗಳು ಆರಿದವು. ಡ್ರಮ್ ಶುರುವಾಯಿತು.

ನಾನು ಸಂಗೀತದ ಕೋಣೆಯ ಬಾಗಿಲಲ್ಲಿ ನಿಂತೆ. ಬಿಳಿ ನಿಲುವಂಗಿಗಳು ಒಂದೊಂದೇ ಸಾಲು ದಾಟಿ ಬರುತ್ತಿದ್ದವು. ಎಂಟುನೂರು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಮೊದಲ ಕೈ ಒಂದು ಹೆಗಲ ಮೇಲೆ ಬಿತ್ತು. ಬಾಗಿಲು ತೆರೆದು ಬ್ಯಾಂಕಿನವರನ್ನು ಹೊರಗೆ ಕಳಿಸಿದೆ. ಚಪ್ಪಾಳೆ. ಎರಡನೆಯವರು, ಮೂರನೆಯವರು. ಒಳಗೆ ಜನ ಕಡಿಮೆಯಾದಷ್ಟೂ ರೋಂಡಾ ನನ್ನ ಹತ್ತಿರ ಹತ್ತಿರ ಬಂದಳು. ಈಗ ಹೇಳುತ್ತೇನೆ, ಈ ಜೋಡಿ ಹೋದಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹತ್ತು ಮನೆಯವರನ್ನು ಕಳಿಸಿದೆ.

"ನಮ್ಮದು ಕೊನೇಗೆ ಇಟ್ಟಿದಾರೆ ಅನ್ಸುತ್ತೆ" ಎಂದು ಪಿಸುಗುಟ್ಟಿದಳು. ಆಕೆಯ ಬಾಯಿಂದ ಪುದೀನ ಪೆಪ್ಪರ್‌ಮಿಂಟಿನ ವಾಸನೆ ಬರುತ್ತಿತ್ತು.

ಹನ್ನೊಂದನೆಯವಳಾಗಿ ಡಾಕ್ಟರ ಹೆಂಡತಿ ಹೋದಳು. ಡ್ರಮ್ ನಿಂತಿತು. ಕೋಣೆಯಲ್ಲಿ ನಾವಿಬ್ಬರೇ ಉಳಿದೆವು.

"ಈಗ ನಾನು ಹೋಗ್ಲಾ?"

ಅಡ್ಡ ನಿಲ್ಲಬೇಕಿತ್ತು. ಕೈ ಹಿಡಿದು ಕೂರಿಸಿ, ನಿನ್ನ ಮಗಳ ಹೆಸರು ಹೊಡೆದು ಹಾಕಿದ್ದಾರೆ, ನನ್ನನ್ನು ಬೈಯಿ ಎನ್ನಬೇಕಿತ್ತು. ನಾನು ಪಕ್ಕಕ್ಕೆ ಸರಿದೆ, ಅಷ್ಟೆ. ಸರಿದದ್ದನ್ನು ಆಕೆ ಹೌದು ಎಂದುಕೊಂಡಳು.

ಬಿಳಿ ಬೂಟುಗಳು ಜಿಮ್‌ನ ಮರದ ನೆಲದ ಮೇಲೆ ಕಿರ್ ಕಿರ್ ಎಂದವು. ನಾಲ್ಕನೆಯ ಸಾಲಿನಲ್ಲಿ ಶೆಲ್ಬಿ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ತಲೆಯೆತ್ತಿ ಅಮ್ಮನನ್ನು ಕಂಡಳು. ಆ ಬಾಗಿಲಿನಿಂದ ತಾಯಿ ಬಂದರೆ ಏನರ್ಥ ಎಂಬುದು ನಮ್ಮ ಶಾಲೆಯ ಪ್ರತಿ ಮಗುವಿಗೂ ಗೊತ್ತು. ಶೆಲ್ಬಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಎದ್ದು ನಿಂತಳು. ಪಕ್ಕದ ಹುಡುಗಿ ಅವಳನ್ನು ತಬ್ಬಿಕೊಂಡು ಕುಣಿದಳು. ಇಡೀ ಜಿಮ್ ಚಪ್ಪಾಳೆ ತಟ್ಟಿತು. ಆವತ್ತು ಬಿದ್ದ ಚಪ್ಪಾಳೆಗಳಲ್ಲೆಲ್ಲ ದೊಡ್ಡದು ಅದೇ. ನಿಲುವಂಗಿ ತೊಟ್ಟ ಮಕ್ಕಳು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರು.

ಮಿಸೆಸ್ ವಿಟ್ಲೋ ಎದ್ದು ಮೈಕಿನ ಹತ್ತಿರ ಹೋದರು. ಚಪ್ಪಾಳೆ ತಣ್ಣಗಾಗುವವರೆಗೂ ಕಾದರು. ಅವರಿಗೇನೂ ಅವಸರವಿರಲಿಲ್ಲ.

"ಕ್ಷಮಿಸಿ, ಮಿಸೆಸ್ ಸ್ಟಿಡಮ್. ಪಟ್ಟೀಲಿ ಹನ್ನೊಂದೇ ಹೆಸರಿರೋದು. ನಿಮ್ಮನ್ನ ಯಾರು ಕರೆದ್ರು?"

ರೋಂಡಾ ಆಗಲೂ ನಗುತ್ತಲೇ ಇದ್ದಳು. ತಿರುಗಿ ನನ್ನ ಕಡೆ ಹೂವು ಹಿಡಿದ ಕೈ ತೋರಿಸಿದಳು. "ಮಿಸ್ ನೆಲ್ಡಾ ಕರೆದ್ರು. ಸೋಮವಾರ ಫೋನ್ ಮಾಡಿದ್ರು."

ಎಂಟುನೂರು ತಲೆಗಳು ನನ್ನತ್ತ ತಿರುಗಿದವು. ಹ್ಯಾಸ್ಕೆಟ್ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

"ಇಲ್ಲ" ಎಂದೆ ನಾನು. ದನಿ ನಡುಗಲಿಲ್ಲ. ದಿನಾ ಆಫೀಸಿನ ಕಿಟಕಿಯಲ್ಲಿ ಆಡುವ ದನಿಯೇ. "ಸ್ಟಿಡಮ್ ಮನೆಗೆ ನಾನು ಫೋನ್ ಮಾಡಿಲ್ಲ."

ಆಕೆಯ ಕಣ್ಣಲ್ಲಿ ಸಿಟ್ಟು ಬರಲಿ ಎಂದು ನಾನು ಕಾದೆ. ಬೈದಿದ್ದರೆ, ಆ ಹೂವನ್ನು ನನ್ನ ಮುಖಕ್ಕೆ ಎಸೆದಿದ್ದರೆ ನಾನು ಒಡೆದುಹೋಗುತ್ತಿದ್ದೆ, ನಿಜ ಹೊರಗೆ ಬರುತ್ತಿತ್ತು. ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಕಿಟಕಿಯ ಆಚೆ ಕೂತವರು ಇಲ್ಲ ಎಂದಾಗ ವಾದ ಮಾಡಿ ಉಪಯೋಗವಿಲ್ಲ ಎಂದು ಜೀವನವಿಡೀ ಕಲಿತವಳು.

"ಹಾಗಾದ್ರೆ ನಂದೇ ತಪ್ಪಿರ್ಬೇಕು, ಮೇಡಂ" ಎಂದಳು. ಆಮೇಲೆ ಬೆಂಚುಗಳ ಕಡೆ ತಿರುಗಿ, "ಎಲ್ರೂ ಕ್ಷಮಿಸಿ" ಎಂದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶೆಲ್ಬಿ ಮೆಟ್ಟಿಲಿಳಿದು ಬಂದು ಅಮ್ಮನ ಕೈಯಿಂದ ಹೂವು ತೆಗೆದುಕೊಂಡಳು. ಅವಳ ಮುಖ ಸುಣ್ಣದ ಗೋಡೆಯಾಗಿತ್ತು. ನನ್ನ ಮುಂದೆ ಬಂದು ನಿಂತಳು.

"ನಮ್ಮಮ್ಮ ಸುಳ್ಳು ಹೇಳಲ್ಲ, ಮಿಸ್ ನೆಲ್ಡಾ."

ನಾನು ಬಾಗಿಲಿನ ಹಿಡಿಯ ಕಡೆ ನೋಡಿದೆ. ಅವಳು ಇನ್ನೊಂದು ಕ್ಷಣ ಕಾದಳು. ಆಮೇಲೆ ಅಮ್ಮನ ಸೊಂಟದ ಸುತ್ತ ಕೈ ಹಾಕಿ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿದ ಮೇಲೆ ಮಿಸೆಸ್ ವಿಟ್ಲೋ ಮೇಣದಬತ್ತಿ ಹಚ್ಚಿಸಿ, ಹನ್ನೊಂದು ಮಕ್ಕಳಿಂದ ಸತ್ಯವನ್ನು ಕಾಯುತ್ತೇವೆ ಎಂದು ಪ್ರಮಾಣ ಮಾಡಿಸಿದರು.

ಸೋಮವಾರ ನಾಲ್ಕು ಗಂಟೆಗೆ ಫ್ಯಾಕ್ಟರಿಯಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"ರೋಂಡಾ ಸ್ಟಿಡಮ್ ಅಂತ ನಮ್ಮಲ್ಲಿ ಕೆಲಸಕ್ಕಿದಾರೆ. ಶುಕ್ರವಾರ ನಿಮ್ಮ ಸ್ಕೂಲಿಂದ ಕರೆದಿದ್ರು ಅಂತಾರೆ. ಹೌದಾ?"

ಆಫೀಸಿನಲ್ಲಿ ಯಾರೂ ಇರಲಿಲ್ಲ. ರಿಸೀವರಿನ ಸುತ್ತ ಕೈ ಅಡ್ಡ ಹಿಡಿದೆ. "ಹೌದು" ಎಂದೆ. "ನಾನೇ ಕರೆದಿದ್ದು."

ಮೂರು ದಿನದ ಮೇಲೆ ನನ್ನ ಎದೆಯೊಳಗೆ ಗಾಳಿ ಹೋಯಿತು.

"ಸರಿ ಹಾಗಾದ್ರೆ" ಎಂದಳು ಆಕೆ. "ಅದನ್ನೇ ಸ್ಕೂಲಿನ ಲೆಟರ್‌ಹೆಡ್ ಮೇಲೆ ಬರೆದು, ಸಹಿ ಹಾಕಿ, ಐದು ಗಂಟೆಯೊಳಗೆ ಫ್ಯಾಕ್ಸ್ ಮಾಡಿ. ಇಲ್ದಿದ್ರೆ ಆರನೇ ಪಾಯಿಂಟ್ ಬೀಳುತ್ತೆ. ಬಿದ್ಮೇಲೆ ನಮ್ಮ ಕೈಲೇನೂ ಇಲ್ಲ."

ಟೈಪ್ ಮಾಡಿದೆ. ಮೂರೇ ಸಾಲು. ಕಳೆದ ಸೋಮವಾರ ಬೆಳಿಗ್ಗೆ ಈ ಶಾಲೆಯ ಪರವಾಗಿ ನಾನು ರೋಂಡಾ ಸ್ಟಿಡಮ್ ಅವರಿಗೆ ಫೋನ್ ಮಾಡಿ ಶುಕ್ರವಾರ ಬರಲು ಹೇಳಿದ್ದೆ. ಕೆಳಗೆ ನನ್ನ ಹೆಸರು, ನೆಲ್ಡಾ ಕ್ರೌಡರ್. ಪೆನ್ನು ತೆಗೆದುಕೊಂಡಾಗ ನಾಲ್ಕೂವರೆ. ಕಾಗದದ ಮೇಲೆ ಬಿದ್ದದ್ದು ಯಾರ ಕೈಗಾದರೂ ಸಿಗುತ್ತದೆ ಎಂದು ಆಗ ಹೊಳೆಯಿತು. ಫ್ಯಾಕ್ಟರಿಯ ಮ್ಯಾನೇಜರು ನಮ್ಮ ಬೋರ್ಡಿನಲ್ಲಿದ್ದಾರೆ. ಹ್ಯಾಸ್ಕೆಟ್ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟುಕೊಂಡು ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದರು.

ಐದಕ್ಕೆ ಹತ್ತು ನಿಮಿಷ ಇದ್ದಾಗ ಮಿಸೆಸ್ ವಿಟ್ಲೋ ಒಂದು ತಟ್ಟೆಯಲ್ಲಿ ನಿಂಬೆಯ ಕೇಕು ಇಟ್ಟುಕೊಂಡು ಬಂದರು.

"ಶುಕ್ರವಾರ ತುಂಬ ಚೆನ್ನಾಗಿ ನಿಭಾಯಿಸಿದ್ರಿ, ನೆಲ್ಡಾ. ಮನೇಲಿ ಮಾಡಿದ್ದು, ತಗೊಳ್ಳಿ."

ನಾನು ಡ್ರಾಯರ್ ಎಳೆದು ಕಾಗದವನ್ನು ಒಳಗೆ ಸರಿಸಿದೆ. ಥ್ಯಾಂಕ್ಸ್ ಎಂದು ಹೇಳಿ ಅವರ ಮುಂದೆಯೇ ಕೇಕು ತಿಂದೆ. ತಿಂದು ಮುಗಿಸುವಾಗ ಐದು ಹೊಡೆದು ಮೂರು ನಿಮಿಷ ಆಗಿತ್ತು. ಆ ಕಾಗದ ಈಗಲೂ ನನ್ನ ಹತ್ತಿರ ಇದೆ. ಸಹಿ ಹಾಕಿಲ್ಲ.